ಹೆಸರು ಹೇಳಿದರೆ ಸಿಗುತ್ತದೆ, ಊರು ಹೇಳಿದರೆ ಸಿಗುವುದಿಲ್ಲ

ಕಳಸದಿಂದ ಹೊರನಾಡಿಗೆ, ಮೂಡಿಗೆರೆಯಿಂದ ದೇವರಮನೆಗೆ, ಚಿಕ್ಕಮಗಳೂರಿನಿಂದ ಮುಳ್ಳಯ್ಯನಗಿರಿಗೆ, ಹೀಗೆ ಯಾವ ದಾರಿ ಹಿಡಿದರೂ ಇವತ್ತು ಹೋಂಸ್ಟೇ ಫಲಕಗಳು ಕಾಣುತ್ತವೆ. ತೋಟದ ಮನೆಯ ಎರಡು ಮೂರು ಕೋಣೆಗಳನ್ನು ಪ್ರವಾಸಿಗರಿಗೆ ಬಿಟ್ಟುಕೊಟ್ಟರೆ, ಕಾಫಿ ಮೆಣಸಿನ ಬೆಲೆ ಕುಸಿದ ವರ್ಷವೂ ಮನೆ ನಡೆಯುತ್ತದೆ. ಅಂಥ ಮನೆಯೊಂದರ ಮಗಳು ಬೆಂಗಳೂರಿನಿಂದ ರಜೆಗೆ ಬಂದು ಅಪ್ಪ ಅಮ್ಮನಿಗೆ ಒಂದು ಜಾಲತಾಣ ಮಾಡಿಕೊಟ್ಟಳು ಎಂದುಕೊಳ್ಳೋಣ. ಚೆಂದದ ಚಿತ್ರಗಳು, ಕೋಣೆಗಳ ವಿವರ, ಕಳಸದಿಂದ ಎಷ್ಟು ದೂರ, ಊಟಕ್ಕೆ ಕಡುಬೋ ಅಕ್ಕಿರೊಟ್ಟಿಯೋ, ಎಲ್ಲವೂ ಅದರಲ್ಲಿ ಇದೆ.

ಒಂದೆರಡು ವಾರದಲ್ಲಿ ಗೂಗಲ್‌ನಲ್ಲಿ ಮನೆಯ ಹೆಸರು ಹಾಕಿದರೆ ತಾಣ ಮೊದಲ ಸಾಲಿನಲ್ಲೇ ಕಾಣಿಸುತ್ತದೆ. ಮನೆಯವರಿಗೆಲ್ಲ ಖುಷಿ. ಆದರೆ ಬೆಂಗಳೂರಿನ ಪ್ರವಾಸಿಗೆ ಆ ಹೆಸರು ಹೇಗೆ ಗೊತ್ತಿರಬೇಕು? ಅವನು ಹಾಕುವುದು ‘ಕಳಸ ಹೋಂಸ್ಟೇ’ ಎಂದು. ಹಾಗೆ ಹಾಕಿ ನೋಡಿದರೆ ತಾಣ ಮೊದಲ ಪುಟದಲ್ಲಿ ಇಲ್ಲ, ಎರಡನೆಯದರಲ್ಲಿ ಇಲ್ಲ, ಐದನೆಯದರಲ್ಲೂ ಇಲ್ಲ. ಮಳೆಗಾಲ ಕಳೆದು ಕೊಯ್ಲು ಶುರುವಾಗುವ ಹೊತ್ತಿಗೆ ಅದು ಮೂರನೇ ಪುಟಕ್ಕೆ ಬಂದಿರುತ್ತದೆ. ಮುಂದಿನ ಹೂಮಳೆ ಬೀಳುವ ಕಾಲಕ್ಕೆ ಮೊದಲ ಪುಟದ ಕೆಳಗೆ ಎಲ್ಲೋ ತಲೆ ತೋರಿಸಿದರೂ ತೋರಿಸೀತು. ಇಷ್ಟು ತಿಂಗಳಲ್ಲಿ ತಾಣದಲ್ಲಿ ಒಂದಕ್ಷರವೂ ಬದಲಾಗಿಲ್ಲ. ಹಾಗಾದರೆ ಬದಲಾದದ್ದು ಏನು?

ಈ ಪ್ರಶ್ನೆಗೆ ಮಲೆನಾಡಿನಲ್ಲಿ ಕೇಳಿಬರುವ ಉತ್ತರಗಳು ಹಲವು. ‘ನಮ್ಮಲ್ಲಿ ನೆಟ್‌ವರ್ಕ್ ಸರಿಯಿಲ್ಲ, ಅದಕ್ಕೇ’ ಎನ್ನುವವರಿದ್ದಾರೆ. ತೋಟದಲ್ಲಿ ಸಿಗ್ನಲ್ ಸಿಗದಿರುವುದಕ್ಕೂ ಇದಕ್ಕೂ ಸಂಬಂಧ ಇಲ್ಲ. ಜಾಲತಾಣ ಇರುವುದು ಎಲ್ಲೋ ದೂರದ ಸರ್ವರ್‌ನಲ್ಲಿ, ಕಳಸದಲ್ಲಿ ಕರೆಂಟು ಹೋದರೂ ಅದು ನಡೆಯುತ್ತಲೇ ಇರುತ್ತದೆ. ‘ಗೂಗಲ್‌ಗೆ ದುಡ್ಡು ಕೊಡಬೇಕು’ ಎನ್ನುವವರೂ ಇದ್ದಾರೆ. ದುಡ್ಡು ಕೊಟ್ಟರೆ ಸಿಗುವುದು ಜಾಹೀರಾತು ಎಂಬ ಗುರುತು ಹೊತ್ತ ಪ್ರತ್ಯೇಕ ಜಾಗ. ಅದರ ಕೆಳಗಿನ ಸಹಜ ಪಟ್ಟಿಯಲ್ಲಿ ಸ್ಥಾನವನ್ನು ಮಾರುವುದಿಲ್ಲ ಎಂದು ಗೂಗಲ್ ಮೊದಲಿನಿಂದ ಹೇಳಿಕೊಂಡು ಬಂದಿದೆ. ನಿಜವಾದ ಕಾರಣ ಬೇರೆಯೇ ಇದೆ. ಅದನ್ನು ಕಾಣಲು ಹುಡುಕುಯಂತ್ರದ, ಅಂದರೆ ಸರ್ಚ್ ಎಂಜಿನ್‌ನ, ಒಳಗೆ ಸ್ವಲ್ಪ ಇಣುಕಬೇಕು.

ಮೊದಲು ಓದಬೇಕು

ನಾವು ಪ್ರಶ್ನೆ ಹಾಕಿದ ಕ್ಷಣದಲ್ಲಿ ಗೂಗಲ್ ಇಡೀ ಅಂತರಜಾಲವನ್ನು ಜಾಲಾಡುತ್ತದೆ ಎಂದು ಹಲವರು ತಿಳಿದಿದ್ದಾರೆ. ಅಷ್ಟು ಹೊತ್ತು ಯಾರು ಕಾಯುತ್ತಾರೆ? ಹುಡುಕುವ ಕೆಲಸ ಬಹುಪಾಲು ಮೊದಲೇ ಮುಗಿದಿರುತ್ತದೆ. ಇದಕ್ಕಾಗಿ ಹುಡುಕುಯಂತ್ರದ ಬಳಿ ಒಂದು ಅಲೆಮಾರಿ ತಂತ್ರಾಂಶ ಇದೆ. ಕ್ರಾಲರ್ ಎಂದು ಕರೆಯುವುದು ಇದನ್ನೇ. ಇದು ಗೊತ್ತಿರುವ ಒಂದು ಪುಟಕ್ಕೆ ಹೋಗಿ, ಅದನ್ನು ಓದಿ, ಅದರಲ್ಲಿರುವ ಕೊಂಡಿ (ಲಿಂಕ್) ಹಿಡಿದು ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ಹೋಗುತ್ತದೆ. ಹಗಲು ರಾತ್ರಿ ಅದರ ಕೆಲಸ ಇಷ್ಟೇ.

ಓದಿದ್ದನ್ನೆಲ್ಲ ಅದು ಪದಸೂಚಿಯಲ್ಲಿ ಸೇರಿಸುತ್ತದೆ. ‘ಕಳಸ’ ಎಂಬ ಪದದ ಎದುರು ಆ ಪದ ಇರುವ ಪುಟಗಳೆಲ್ಲದರ ಪಟ್ಟಿ, ‘ಹೋಂಸ್ಟೇ’ ಎಂಬ ಪದದ ಎದುರು ಇನ್ನೊಂದು ಪಟ್ಟಿ. ನಾವು ಎರಡೂ ಪದ ಹಾಕಿದಾಗ ಎರಡೂ ಪಟ್ಟಿಯಲ್ಲಿರುವ ಪುಟಗಳನ್ನು ಹೆಕ್ಕಿ ತೆಗೆಯುವುದು ಅದಕ್ಕೆ ಕ್ಷಣದ ಕೆಲಸ.

ಯಾರೂ ಕೊಂಡಿ ಹಾಕದ ಹೊಸ ತಾಣ ಈ ಅಲೆಮಾರಿಯ ಕಣ್ಣಿಗೆ ಬೀಳುವುದು ಕಷ್ಟ. ಅದಕ್ಕಾಗಿ 2005ರಲ್ಲಿ ಗೂಗಲ್ ‘ಸೈಟ್‌ಮ್ಯಾಪ್’ ಎಂಬ ಏರ್ಪಾಡು ತಂದಿತು. ನಮ್ಮ ತಾಣದಲ್ಲಿ ಇಂತಿಂಥ ಪುಟಗಳಿವೆ ಎಂದು ನಾವೇ ಪಟ್ಟಿ ಒಪ್ಪಿಸುವ ವಿಧಾನ ಅದು. ಮರುವರ್ಷ ಯಾಹೂ, ಮೈಕ್ರೋಸಾಫ್ಟ್ ಸಹ ಅದನ್ನು ಒಪ್ಪಿಕೊಂಡವು. ಹೊಸ ಪುಟ ಕಣ್ಣಿಗೆ ಬಿದ್ದು ಪದಸೂಚಿ ಸೇರಲು ಕೆಲವು ಗಂಟೆಗಳಿಂದ ಕೆಲವು ವಾರಗಳವರೆಗೆ ಹಿಡಿಯಬಹುದು.

ಪುಟ ಪದಸೂಚಿ ಸೇರಿದ ಕೂಡಲೇ ಒಗಟಿನ ಅರ್ಧ ಬಿಡಿಸಿಕೊಳ್ಳುತ್ತದೆ. ನಮ್ಮ ಕಲ್ಪನೆಯ ಹೋಂಸ್ಟೇಯ ಹೆಸರು ಬೇರೆಲ್ಲೂ ಇಲ್ಲದ ಹೆಸರು. ಆ ಹೆಸರಿನ ಎದುರಿನ ಪಟ್ಟಿಯಲ್ಲಿರುವುದು ಒಂದೇ ತಾಣ. ಆಯ್ಕೆಯೇ ಇಲ್ಲದ ಕಡೆ ಮೊದಲ ಸ್ಥಾನ ತಾನಾಗಿ ಸಿಗುತ್ತದೆ. ‘ಕಳಸ ಹೋಂಸ್ಟೇ’ ಎಂದಾಗ ಮಾತ್ರ ಅದೇ ಪದಗಳನ್ನು ಹೊತ್ತ ಸಾವಿರಾರು ಪುಟಗಳು ಎದುರು ನಿಲ್ಲುತ್ತವೆ. ಅವುಗಳಲ್ಲಿ ಯಾವುದನ್ನು ಮೇಲಿಡುವುದು ಎಂಬ ತೀರ್ಮಾನ ಶುರುವಾಗುವುದು ಅಲ್ಲಿಂದ. ತಿಂಗಳುಗಳ ಕಾಯುವಿಕೆಯೆಲ್ಲ ಇರುವುದೂ ಅಲ್ಲೇ.

ಕೆಫೀನ್ ಕಳೆದ ತಡ

ಯಂತ್ರವೇ ನಿಧಾನ ಇರಬಹುದಲ್ಲ ಎಂಬ ಅನುಮಾನ ಬರುವುದು ಸಹಜ. ಒಂದು ಕಾಲದಲ್ಲಿ ಅದು ನಿಜವೂ ಆಗಿತ್ತು. 2000ದ ಆಸುಪಾಸಿನಲ್ಲಿ ಗೂಗಲ್ ತನ್ನ ಪದಸೂಚಿಯನ್ನು ಹೆಚ್ಚುಕಡಿಮೆ ತಿಂಗಳಿಗೊಮ್ಮೆ ಹೊಸದು ಮಾಡುತ್ತಿತ್ತು. ಆ ದಿನಗಳಲ್ಲಿ ಸ್ಥಾನಗಳೆಲ್ಲ ಏರುಪೇರಾಗುತ್ತಿದ್ದದ್ದನ್ನು ಜಾಲತಾಣದವರು ‘ಗೂಗಲ್ ಡ್ಯಾನ್ಸ್’ ಎಂದು ಕರೆಯುತ್ತಿದ್ದರು. ಆಮೇಲೆ ಬಂದ ವ್ಯವಸ್ಥೆಯಲ್ಲೂ ಹೊಸ ಪುಟವೊಂದು ನೂರರಷ್ಟು ಲೆಕ್ಕಾಚಾರದ ಹಂತಗಳನ್ನು ಸಾಲಾಗಿ ದಾಟಬೇಕಿತ್ತು. ಉತ್ತರದ ಪಟ್ಟಿಯಲ್ಲಿ ಕಾಣಿಸಿಕೊಳ್ಳಲು ಅದಕ್ಕೆ ಎರಡು ಮೂರು ದಿನ ಹಿಡಿಯುತ್ತಿತ್ತು.

2010ರಲ್ಲಿ ಗೂಗಲ್ ಇದನ್ನು ಪೂರ್ತಿ ಬದಲಿಸಿತು. ಪುಟ ಓದಿದಂತೆಲ್ಲ ಅದೊಂದನ್ನೇ ಆಗಿಂದಾಗ ಪದಸೂಚಿಗೆ ಸೇರಿಸುವ ಹೊಸ ವ್ಯವಸ್ಥೆ ಬಂತು. ಅದಕ್ಕೆ ಇಟ್ಟ ಹೆಸರು ‘ಕೆಫೀನ್’. ಅದರ ಒಳಗೆ ದುಡಿಯುವ ತಂತ್ರಾಂಶದ ಹೆಸರು ‘ಪರ್ಕೊಲೇಟರ್’, ಕಾಫಿ ಸೋಸುವ ಪಾತ್ರೆಯದೇ ಹೆಸರು. ಡೇನಿಯಲ್ ಪೆಂಗ್ ಮತ್ತು ಫ್ರಾಂಕ್ ಡಾಬೆಕ್ ಎಂಬ ಎಂಜಿನಿಯರುಗಳು ಅದೇ ವರ್ಷ ಅದರ ವಿವರಗಳನ್ನು ಪ್ರಬಂಧವಾಗಿ ಪ್ರಕಟಿಸಿದರು. ಉತ್ತರಗಳಲ್ಲಿ ಬರುವ ಪುಟಗಳ ಸರಾಸರಿ ವಯಸ್ಸು ಇದರಿಂದ ಅರ್ಧಕ್ಕೆ ಇಳಿಯಿತು. ಕಾಫಿ ಬೆಳೆಯುವ ನಮ್ಮ ಬೆಟ್ಟಗಳಲ್ಲಿ ಈ ಎರಡು ಹೆಸರುಗಳು ಇನ್ನೂ ಹೆಚ್ಚು ಜನಕ್ಕೆ ಗೊತ್ತಾಗಬೇಕಿತ್ತು ಎಂದು ನನಗೆ ಅನಿಸುತ್ತದೆ.

ಇಲ್ಲಿ ನಾವು ಗಮನಿಸಬೇಕಾದ ಅಂಶ ಬೇರೆ. ಯಂತ್ರದ ನಿಧಾನ 2010ಕ್ಕೇ ಕಳೆಯಿತು. ಚಾರ್ಮಾಡಿ ಘಾಟಿಯಲ್ಲಿ ಗುಡ್ಡ ಕುಸಿದರೆ ಆ ಸುದ್ದಿ ಇವತ್ತು ನಿಮಿಷಗಳಲ್ಲಿ ಗೂಗಲ್‌ನಲ್ಲಿ ಸಿಗುತ್ತದೆ. ಆದರೂ ಹೊಸ ಹೋಂಸ್ಟೇಗೆ ತಿಂಗಳುಗಟ್ಟಲೆ ಕಾಯುವುದು ತಪ್ಪಿಲ್ಲ. ಪತ್ರಿಕೆಯ ತಾಣದಲ್ಲಿ ಬಂದ ಇವತ್ತಿನ ಪುಟ ಇವತ್ತೇ ಮೇಲೆ ಬರುತ್ತದೆ, ಹೋಂಸ್ಟೇಯ ಪುಟ ಬರುವುದಿಲ್ಲ. ಎರಡನ್ನೂ ಓದಿದ್ದು ಅದೇ ಯಂತ್ರ, ಅದೇ ವೇಗದಲ್ಲಿ. ಅಂದಮೇಲೆ ತಡ ಆಗುತ್ತಿರುವುದು ಓದುವುದರಲ್ಲಿ ಅಲ್ಲ, ನಂಬುವುದರಲ್ಲಿ.

ಬಸ್‌ಸ್ಟ್ಯಾಂಡಿನ ಅಂಗಡಿಯವರು

ಕಳಸದ ಬಸ್‌ಸ್ಟ್ಯಾಂಡಿನಲ್ಲಿ ಇಳಿದ ಪ್ರವಾಸಿಯೊಬ್ಬ ಎದುರಿನ ಅಂಗಡಿಯವರನ್ನು ಕೇಳುತ್ತಾನೆ: ‘ಇಲ್ಲಿ ಉಳ್ಕೊಳ್ಳೋಕೆ ಒಳ್ಳೇ ಜಾಗ ಯಾವ್ದಿದೆ ಅಣ್ಣಾ?’ ಅಂಗಡಿಯವರಿಗೆ ಊರಿನ ಹೋಂಸ್ಟೇಗಳೆಲ್ಲ ಗೊತ್ತು. ಕಳೆದ ವಾರ ಬಾಗಿಲು ತೆರೆದದ್ದೂ ಗೊತ್ತು. ಆದರೂ ಅವರ ಬಾಯಲ್ಲಿ ಮೊದಲು ಬರುವುದು ಹಳೆಯ ಎರಡು ಮೂರು ಹೆಸರು. ಹೊಸಬರ ಮೇಲೆ ಅವರಿಗೆ ಸಿಟ್ಟಿಲ್ಲ. ಕೇಳಿದವನನ್ನು ತಪ್ಪು ಜಾಗಕ್ಕೆ ಕಳಿಸಿದರೆ ಹೋಗುವುದು ತಮ್ಮ ಮಾತಿನ ಬೆಲೆ ಎಂಬುದು ಅವರಿಗೆ ಗೊತ್ತು, ಅಷ್ಟೇ. ಯಾರಾದರೂ ಆ ಹೊಸ ಮನೆಯ ಹೆಸರನ್ನೇ ಹಿಡಿದು ‘ಎಲ್ಲಿದೆ?’ ಎಂದು ಕೇಳಿದರೆ ಅವರು ದಾರಿ ತೋರಿಸಿಯೇ ತೋರಿಸುತ್ತಾರೆ. ಆದರೆ ‘ಒಳ್ಳೆಯದು ಯಾವುದು’ ಎಂಬ ಪ್ರಶ್ನೆಗೆ ಆ ಹೆಸರು ಹೇಳಬೇಕಾದರೆ ಎರಡು ಸಂಗತಿ ನಡೆಯಬೇಕು. ಜೀಪಿನ ಚಾಲಕರು, ಶಾಲೆಯ ಮೇಷ್ಟ್ರು, ಹಾಲಿನ ಸೊಸೈಟಿಯವರು, ಹೀಗೆ ತಮಗೆ ನಂಬಿಕೆ ಇರುವ ನಾಲ್ಕು ಜನ ‘ಆ ಮನೆ ಚೆನ್ನಾಗಿದೆ’ ಎನ್ನಬೇಕು. ಆಮೇಲೆ ತಾವೇ ಒಂದಿಬ್ಬರನ್ನು ಅಲ್ಲಿಗೆ ಕಳಿಸಿ, ಹೋದವರು ಖುಷಿಯಿಂದ ಮರಳಿದರೋ, ಅರ್ಧ ಗಂಟೆಯಲ್ಲಿ ವಾಪಸು ಬಂದು ‘ಬೇರೆ ಯಾವುದಾದರೂ ಹೇಳಿ’ ಎಂದರೋ ಎಂದು ನೋಡಬೇಕು.

ಹುಡುಕುಯಂತ್ರ ಮಾಡುವುದು ಇದನ್ನೇ, ಲೆಕ್ಕ ಹಾಕಿ, ದೊಡ್ಡ ಪ್ರಮಾಣದಲ್ಲಿ.

ಮೊದಲನೆಯ ಸಂಗತಿಯನ್ನು, ಅಂದರೆ ಇತರರ ಮಾತನ್ನು, ಲೆಕ್ಕಕ್ಕೆ ತಂದದ್ದೇ ಗೂಗಲ್‌ನ ಹುಟ್ಟಿಗೆ ಕಾರಣ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಾಗಿದ್ದ ಲ್ಯಾರಿ ಪೇಜ್ ಮತ್ತು ಸರ್ಗೇಯ್ ಬ್ರಿನ್ 1998ರ ಏಪ್ರಿಲ್‌ನಲ್ಲಿ ಆಸ್ಟ್ರೇಲಿಯಾದ ಬ್ರಿಸ್ಬೇನ್‌ನ ಸಮ್ಮೇಳನದಲ್ಲಿ ತಮ್ಮ ಹುಡುಕುಯಂತ್ರದ ವಿವರವನ್ನು ಪ್ರಬಂಧವಾಗಿ ಮಂಡಿಸಿದರು. ಅದರ ಜೀವಾಳ ‘ಪೇಜ್‌ರ‍್ಯಾಂಕ್’ ಎಂಬ ಲೆಕ್ಕ. ಒಂದು ಪುಟ ಇನ್ನೊಂದಕ್ಕೆ ಕೊಂಡಿ ಹಾಕಿದರೆ ಅದನ್ನು ಒಂದು ಶಿಫಾರಸು ಎಂದು ಎಣಿಸುವುದು, ಶಿಫಾರಸಿನ ತೂಕವನ್ನು ಅದನ್ನು ಮಾಡಿದವರ ತೂಕದಿಂದ ಅಳೆಯುವುದು. ಶಿಫಾರಸು ಮಾಡಿದ ಪುಟಕ್ಕೆ ಎಷ್ಟು ಜನ ಶಿಫಾರಸು ಮಾಡಿದ್ದಾರೆ, ಅವರಿಗೆ ಎಷ್ಟು ಜನ ಎಂದು ಹಿಂದೆ ಹಿಂದೆ ಹೋಗುತ್ತ, ಅಂಕಿಗಳು ಒಂದು ಕಡೆ ನೆಲೆ ನಿಲ್ಲುವವರೆಗೂ ಲೆಕ್ಕವನ್ನು ಮತ್ತೆ ಮತ್ತೆ ಹಾಕುತ್ತಾರೆ.

ಅವರು ಕಲ್ಪಿಸಿಕೊಂಡದ್ದು ಗೊತ್ತುಗುರಿಯಿಲ್ಲದೆ ಕೊಂಡಿಗಳನ್ನು ಒತ್ತುತ್ತ ಹೋಗುವ ಓದುಗನೊಬ್ಬನನ್ನು. ನೂರರಲ್ಲಿ ಎಂಬತ್ತೈದು ಸಲ ಅವನು ಎದುರಿಗಿರುವ ಪುಟದ ಯಾವುದಾದರೂ ಕೊಂಡಿ ಹಿಡಿಯುತ್ತಾನೆ, ಉಳಿದ ಹದಿನೈದು ಸಲ ಬೇಸರಪಟ್ಟು ಎಲ್ಲಿಗೋ ಜಿಗಿಯುತ್ತಾನೆ. ದೀರ್ಘಕಾಲದಲ್ಲಿ ಅವನು ಯಾವ ಪುಟದಲ್ಲಿ ಎಷ್ಟು ಸಲ ಸಿಗುತ್ತಾನೋ ಅದೇ ಆ ಪುಟದ ತೂಕ. ಯಾರೂ ಕೊಂಡಿ ಹಾಕದ ಹೊಸ ತಾಣದ ಪಾಲಿಗೆ ಬರುವುದು ಆ ಬೇಸರದ ಜಿಗಿತದಲ್ಲಿ ಒಂದು ಚೂರು ಮಾತ್ರ. ಅದು ಎಲ್ಲ ಪುಟಗಳಿಗೂ ಸಮನಾಗಿ ಸಿಗುವ ಪಾಲು. ಅದಕ್ಕಿಂತ ಹೆಚ್ಚು ಬೇಕಾದರೆ ಬೇರೆ ಯಾರೋ ಕೊಡಬೇಕು.

ಅದೇ ಪ್ರಬಂಧದಲ್ಲಿ ಇನ್ನೊಂದು ಮಾತಿದೆ. 2.6 ಕೋಟಿ ಪುಟಗಳ ತೂಕವನ್ನು ಅಂದಿನ ಸಾಧಾರಣ ಗಾತ್ರದ ಕಂಪ್ಯೂಟರಿನಲ್ಲಿ ಕೆಲವೇ ಗಂಟೆಗಳಲ್ಲಿ ಲೆಕ್ಕ ಹಾಕಬಹುದು ಎಂದು ಅವರು ಬರೆದರು. 1998ರಲ್ಲೇ ಲೆಕ್ಕಕ್ಕೆ ಗಂಟೆಗಳು ಸಾಕಾಗಿದ್ದವು. ಗಂಟೆಗಳಲ್ಲಿ ಆಗದೇ ಇರುವುದು ಕೊಂಡಿಗಳು ಹುಟ್ಟುವ ಕೆಲಸ. ಕಳಸಕ್ಕೆ ಬಂದು ಕುದುರೆಮುಖ ಹತ್ತಿದ ಚಾರಣಿಗರೊಬ್ಬರು ಆ ಮನೆಯಲ್ಲಿ ಉಳಿದು, ಊರಿಗೆ ಹೋಗಿ, ಒಂದು ದಿನ ಪ್ರವಾಸಕಥನ ಬರೆದು, ಅದರಲ್ಲಿ ಮನೆಯ ತಾಣಕ್ಕೆ ಕೊಂಡಿ ಹಾಕಬೇಕು. ಹಕ್ಕಿ ನೋಡಲು ಬಂದವರೊಬ್ಬರು ತಾವು ಕಂಡ ಹಕ್ಕಿಗಳ ಪಟ್ಟಿಯ ಜೊತೆ ಆ ತೋಟದ ವಿಳಾಸ ಹಾಕಬೇಕು. ಪತ್ರಿಕೆಯ ಪ್ರವಾಸ ಪುರವಣಿಯಲ್ಲಿ ಒಂದು ಸಾಲು ಬರಬೇಕು. ಇವೆಲ್ಲ ಮನುಷ್ಯರ ಬಿಡುವಿನಲ್ಲಿ, ಮನುಷ್ಯರ ವೇಗದಲ್ಲಿ ನಡೆಯುವ ಕೆಲಸಗಳು. ಯಂತ್ರ ಎಷ್ಟೇ ಬೇಗ ಓದಲಿ, ಇನ್ನೂ ಬರೆಯದೇ ಇರುವುದನ್ನು ಓದಲಾರದು.

ಇವತ್ತು ಗೂಗಲ್ ನೂರಾರು ಅಂಶಗಳನ್ನು ತೂಗುತ್ತದೆ, ಕೊಂಡಿಯ ಮಹತ್ವ ಮೊದಲಿನಷ್ಟಿಲ್ಲ ಎಂದು ಅದರ ಎಂಜಿನಿಯರುಗಳೇ ಹೇಳಿದ್ದಾರೆ. ಆದರೂ ಯಾರ ಕೊಂಡಿಯೂ ಇಲ್ಲದ ತಾಣ ಪೈಪೋಟಿ ಇರುವ ಪ್ರಶ್ನೆಗೆ ಮೇಲೆ ಬರುವುದು ಅಪರೂಪ. ದುಡ್ಡು ತೆತ್ತು ಕೊಂಡಿಗಳನ್ನು ಕೊಳ್ಳುವವರಿದ್ದಾರೆ. ಹಾಗೆ ಮಾರಿಕೊಳ್ಳುವ ತಾಣಗಳನ್ನು ಗುರುತಿಸಿ ಅವುಗಳ ಶಿಫಾರಸನ್ನು ಸೊನ್ನೆ ಮಾಡುವ ವ್ಯವಸ್ಥೆಯೂ ಈಗ ಇರುವುದರಿಂದ ಆ ಹಣ ಬಹುಪಾಲು ನೀರಿಗೆ ಹೋಗುತ್ತದೆ.

ಕಳಿಸಿ ನೋಡುವುದು

ಎರಡನೆಯ ಸಂಗತಿ, ಒಂದಿಬ್ಬರನ್ನು ಕಳಿಸಿ ನೋಡುವುದು, ಬಹಳ ವರ್ಷ ಗುಟ್ಟಾಗಿತ್ತು. ಅದು ಹೊರಬಿದ್ದದ್ದು ನ್ಯಾಯಾಲಯದಲ್ಲಿ. ಅಮೆರಿಕ ಸರ್ಕಾರ ಗೂಗಲ್ ವಿರುದ್ಧ ಹೂಡಿದ ಏಕಸ್ವಾಮ್ಯದ ಮೊಕದ್ದಮೆಯಲ್ಲಿ 2023ರ ಅಕ್ಟೋಬರಿನಲ್ಲಿ ಗೂಗಲ್‌ನ ಹುಡುಕು ವಿಭಾಗದ ಹಿರಿಯ ಅಧಿಕಾರಿ ಪಾಂಡು ನಾಯಕ್ ಸಾಕ್ಷ್ಯ ನುಡಿದರು. ‘ನ್ಯಾವ್‌ಬೂಸ್ಟ್’ ಎಂಬ ವ್ಯವಸ್ಥೆಯ ಬಗ್ಗೆ ಅವರು ಹೇಳಿದ ವಿವರಗಳು ನಮ್ಮ ಒಗಟಿಗೆ ನೇರವಾಗಿ ತಾಗುತ್ತವೆ. ಯಾವ ಪ್ರಶ್ನೆಗೆ ಯಾವ ಉತ್ತರವನ್ನು ಜನ ಒತ್ತಿದರು ಎಂಬುದನ್ನು ಅದು ನೆನಪಿಟ್ಟುಕೊಳ್ಳುತ್ತದೆ. ಮೊದಲು 18 ತಿಂಗಳ ನೆನಪು ಇಡುತ್ತಿದ್ದದ್ದು ಈಗ 13 ತಿಂಗಳಿಗೆ ಇಳಿದಿದೆ.

ಹದಿಮೂರು ತಿಂಗಳು ಎಂದರೆ ಒಂದು ಪೂರ್ತಿ ವರ್ಷ, ಮೇಲೊಂದು ತಿಂಗಳು. ಅದನ್ನು ಆರಿಸಿದ ಕಾರಣ ಏನೇ ಇರಲಿ, ಋತುವಿನ ಮೇಲೆ ನಿಂತ ಊರುಗಳಿಗೆ ಅದು ಹೊಂದುತ್ತದೆ. ಮುಂಗಾರಿನಲ್ಲಿ ಹೆಬ್ಬೆ, ಕಲ್ಹತ್ತಿ ಜಲಪಾತ ಹುಡುಕುವವರು, ಡಿಸೆಂಬರ್ ರಜೆಯಲ್ಲಿ ಕೋಣೆ ಹುಡುಕುವವರು, ಮಾರ್ಚ್‌ನಲ್ಲಿ ಕಾಫಿ ಹೂ ನೋಡಲು ಬರುವವರು ಬೇರೆಬೇರೆ ಜನ, ಹಾಕುವ ಪದಗಳೂ ಬೇರೆ. ಒಂದು ಸುತ್ತು ವರ್ಷ ಉರುಳಿದ ಮೇಲಷ್ಟೇ ಹೊಸ ತಾಣದ ಬಗ್ಗೆ ಯಂತ್ರದ ನೆನಪು ಪೂರ್ತಿ ತುಂಬುತ್ತದೆ.

ಇಲ್ಲಿ ಸಣ್ಣ ಊರಿಗೆ ಒಂದು ವಿಶೇಷ ತೊಡಕಿದೆ. ಬೆಂಗಳೂರಿನ ಹೋಟೆಲುಗಳನ್ನು ದಿನಕ್ಕೆ ಸಾವಿರಾರು ಜನ ಹುಡುಕುತ್ತಾರೆ. ಅಲ್ಲಿ ಹೊಸ ಹೋಟೆಲೊಂದನ್ನು ಒಂದಿಷ್ಟು ಜನರ ಕಣ್ಣಿಗೆ ಬೀಳಿಸಿ, ಅವರು ಒತ್ತಿದರೋ ಇಲ್ಲವೋ ಎಂದು ತಿಳಿಯಲು ಹೆಚ್ಚು ದಿನ ಬೇಡ. ಕಳಸವನ್ನು ಹುಡುಕುವವರು ಕಡಿಮೆ, ಅವರೂ ಹೆಚ್ಚಾಗಿ ವಾರಾಂತ್ಯಕ್ಕೆ ಮುಂಚಿನ ಎರಡು ಮೂರು ದಿನ ಬರುತ್ತಾರೆ. ಹತ್ತು ಜನರ ವರ್ತನೆಯಿಂದ ಯಾವ ತೀರ್ಮಾನಕ್ಕೂ ಬರಲಾಗುವುದಿಲ್ಲ, ಅದು ಆಕಸ್ಮಿಕ ಇರಬಹುದು. ನಂಬಬಹುದಾದಷ್ಟು ಸಾಕ್ಷ್ಯ ಸೇರಲು ಇಂಥ ಕಡೆ ಹೆಚ್ಚು ದಿನ ಹಿಡಿಯುತ್ತದೆ. ಆದರೆ ಪೈಪೋಟಿಗಿರುವ ತಾಣಗಳೂ ಕಡಿಮೆ ಎಂಬುದು ಇದರ ಇನ್ನೊಂದು ಮುಖ. ಹಾಗಾಗಿ ಕಳಸದ ತಾಣಕ್ಕೆ ಏರುವ ದಾರಿ ಗಿಡ್ಡ, ನಡಿಗೆ ಮಾತ್ರ ನಿಧಾನ.

ಹೊಸ ತಾಣದವರು ಗಾಬರಿಯಾಗುವ ಒಂದು ಘಟ್ಟವೂ ಇದರಿಂದ ಅರ್ಥವಾಗುತ್ತದೆ. ತಾಣ ಕೆಲವು ದಿನ ಇದ್ದಕ್ಕಿದ್ದಂತೆ ಎರಡನೇ ಪುಟಕ್ಕೆ ಹಾರಿ, ಮತ್ತೆ ಏಳನೇ ಪುಟಕ್ಕೆ ಬೀಳುವುದುಂಟು. ತಪ್ಪು ಮಾಡಿಬಿಟ್ಟೆವೇನೋ ಎಂದು ಆಗ ಎಲ್ಲವನ್ನೂ ಬದಲಿಸಲು ಹೊರಡುತ್ತಾರೆ. ಬದಲಿಸುವುದು ಬೇಡ. ಜನರ ಕಣ್ಣಿಗೆ ಬೀಳದ ಹೊರತು ಸಾಕ್ಷ್ಯ ಹುಟ್ಟದು, ಸಾಕ್ಷ್ಯ ಪೂರ್ತಿ ಸೇರುವವರೆಗೆ ಸ್ಥಾನ ನೆಲೆ ನಿಲ್ಲದು.

ಹೊಸಬರ ಮೇಲೆ ಅನುಮಾನ

ಇಷ್ಟೊಂದು ಎಚ್ಚರಿಕೆ ಏಕೆ ಎಂಬುದಕ್ಕೆ ಒಂದು ಅಂಕಿ ಸಾಕು. 2020ರಲ್ಲಿ ತನ್ನ ಕಣ್ಣಿಗೆ ದಿನವೊಂದಕ್ಕೆ 4000 ಕೋಟಿ ಕಸದ ಪುಟಗಳು ಬೀಳುತ್ತಿದ್ದವು ಎಂದು ಗೂಗಲ್ ಹೇಳಿತು. ಯಾರನ್ನೋ ಮೋಸಗೊಳಿಸಲು, ಜಾಹೀರಾತಿನ ಕಾಸು ಎತ್ತಲು ಯಂತ್ರಗಳೇ ರಾಶಿ ಹಾಕುವ ಪುಟಗಳು ಇವು. ಕಸದ ತಾಣಗಳು ಹೆಚ್ಚಾಗಿ ಹೊಸವು. ಹಿಡಿದುಹಾಕಿದ ಕೂಡಲೇ ಅವುಗಳನ್ನು ನಡೆಸುವವರು ಇನ್ನೊಂದು ಹೆಸರಿನಲ್ಲಿ ಹೊಸ ತಾಣ ತೆರೆಯುತ್ತಾರೆ. ಮೊದಲ ದಿನ ನೋಡಿದರೆ ಕಸದ ತಾಣಕ್ಕೂ ಕಳಸದ ಪ್ರಾಮಾಣಿಕ ತಾಣಕ್ಕೂ ಯಂತ್ರದ ಕಣ್ಣಿಗೆ ಕಾಣುವ ವ್ಯತ್ಯಾಸ ಕಡಿಮೆ. ಎರಡಕ್ಕೂ ಹಿಂದಿನ ಚರಿತ್ರೆ ಇಲ್ಲ, ಎರಡಕ್ಕೂ ಶಿಫಾರಸು ಮಾಡಿದವರಿಲ್ಲ.

ಹೊಸ ತಾಣಗಳನ್ನು ಗೂಗಲ್ ಬೇಕೆಂದೇ ಕೆಲ ಕಾಲ ಹಿಂದೆ ಹಿಡಿದಿಡುತ್ತದೆ ಎಂಬ ಮಾತು 2004ರಿಂದ ಇದೆ. ಅದನ್ನು ‘ಸ್ಯಾಂಡ್‌ಬಾಕ್ಸ್’ ಎನ್ನುತ್ತಾರೆ. ಅಂಥದ್ದೇನೂ ಇಲ್ಲ ಎಂದು ಗೂಗಲ್‌ನವರು ಹಲವು ಸಲ ಹೇಳಿದರು. 2024ರ ಮೇ ತಿಂಗಳಲ್ಲಿ ಗೂಗಲ್‌ನ ಒಳಗಿನ ತಾಂತ್ರಿಕ ಕಡತಗಳು ಹೊರಬಂದಾಗ ತಾಣದ ವಯಸ್ಸನ್ನು ಗುರುತಿಡುವ ಒಂದು ಅಂಶ ಅದರಲ್ಲಿ ಕಂಡಿತು. ಹೊಸ ಕಸವನ್ನು ತಡೆಹಿಡಿಯಲು ಅದನ್ನು ಬಳಸುವುದಾಗಿ ಪಕ್ಕದಲ್ಲಿ ಟಿಪ್ಪಣಿ ಇತ್ತು. ಕಡತಗಳು ತನ್ನವೇ ಎಂದು ಒಪ್ಪಿದ ಗೂಗಲ್, ಹಿನ್ನೆಲೆ ತಿಳಿಯದೆ ಅವನ್ನು ಓದಬಾರದು ಎಂದಿತು. ನನ್ನ ತಿಳಿವಳಿಕೆ ಹೀಗಿದೆ: ಎಲ್ಲ ಹೊಸ ತಾಣಗಳಿಗೂ ಅನ್ವಯಿಸುವ ‘ಇಷ್ಟು ತಿಂಗಳು ಕಾಯಿರಿ’ ಎಂಬ ನಿಯಮವನ್ನು ಊಹಿಸುವ ಅಗತ್ಯವೇ ಇಲ್ಲ. ಅನುಮಾನ ಬಂದ ಹೊಸಬರನ್ನು ತಡೆಯುವ ಏರ್ಪಾಡು, ಸಾಕ್ಷ್ಯ ಕೂಡುವ ನಿಧಾನ, ಇವೆರಡೇ ಸೇರಿ ನಾವು ಕಾಣುವ ವಿಳಂಬವನ್ನು ವಿವರಿಸುತ್ತವೆ.

ಬರೀ ವಯಸ್ಸಿಗೆ ಬೆಲೆ ಇಲ್ಲ ಎಂಬುದಕ್ಕೆ ಇನ್ನೊಂದು ಪುರಾವೆ ಇದೆ. ಯಾರೋ ನವೀಕರಿಸದೆ ಬಿಟ್ಟ ಹಳೆಯ ತಾಣದ ವಿಳಾಸವನ್ನು ಕೊಂಡು, ಅದರ ಹಳೆಯ ಹೆಸರಿನ ಬಲದಲ್ಲಿ ಮೇಲೆ ಬರುವ ಉಪಾಯ ಬಹಳ ಕಾಲ ನಡೆಯಿತು. 2024ರ ಮಾರ್ಚ್‌ನಲ್ಲಿ ಗೂಗಲ್ ಅದನ್ನು ಸ್ಪಷ್ಟವಾಗಿ ನಿಯಮಬಾಹಿರ ಎಂದು ಸಾರಿತು.

ಉಳ್ಳವರಿಗೆ ಮತ್ತಷ್ಟು

ಈ ಏರ್ಪಾಡಿನಲ್ಲಿ ಒಂದು ಅನ್ಯಾಯವೂ ಇದೆ, ಅದನ್ನು ಮುಚ್ಚಿಡಬಾರದು. ಮೇಲಿರುವ ತಾಣವನ್ನು ಹೆಚ್ಚು ಜನ ನೋಡುತ್ತಾರೆ, ನೋಡಿದವರಲ್ಲಿ ಕೆಲವರು ಅದಕ್ಕೆ ಕೊಂಡಿ ಹಾಕುತ್ತಾರೆ, ಅದರಿಂದ ಅದು ಇನ್ನೂ ಮೇಲೆ ಹೋಗುತ್ತದೆ. ಕೆಳಗಿರುವುದನ್ನು ಯಾರೂ ನೋಡುವುದಿಲ್ಲ, ಹಾಗಾಗಿ ಶಿಫಾರಸೂ ಹುಟ್ಟುವುದಿಲ್ಲ. ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಜುಂಗೂ ಚೋ ಮತ್ತು ಸೌರಾಶಿಸ್ ರಾಯ್ 2004ರಲ್ಲೇ ಇದನ್ನು ಲೆಕ್ಕಸಮೇತ ತೋರಿಸಿದರು. ಜನ ಹುಡುಕುಯಂತ್ರವನ್ನೇ ನೆಚ್ಚಿಕೊಂಡರೆ ಒಳ್ಳೆಯ ಹೊಸ ಪುಟವೊಂದು ಹೆಸರು ಮಾಡಲು ಮೊದಲಿಗಿಂತ ಹಲವು ಪಟ್ಟು ಹೆಚ್ಚು ಕಾಲ ಹಿಡಿಯುತ್ತದೆ ಎಂಬುದು ಅವರ ಫಲಿತಾಂಶ.

ಮರುವರ್ಷ ಅವರಿಬ್ಬರು, ಮುಂಬೈ ಐಐಟಿಯ ಸೌಮೇನ್ ಚಕ್ರವರ್ತಿ ಮತ್ತು ಇತರರ ಜೊತೆ ಸೇರಿ ಒಂದು ಪರಿಹಾರ ಸೂಚಿಸಿದರು. ಉತ್ತರಗಳ ಪಟ್ಟಿಯಲ್ಲಿ ಒಂದು ಸಣ್ಣ ಪಾಲನ್ನು ಅದೃಷ್ಟಕ್ಕೆ ಬಿಡಬೇಕು, ಇನ್ನೂ ಯಾರಿಗೂ ಗೊತ್ತಿರದ ಪುಟಗಳನ್ನು ನಡುನಡುವೆ ಸೇರಿಸಬೇಕು. ಆ ಕ್ಷಣಕ್ಕೆ ಒಂದೆರಡು ಉತ್ತರ ಕೆಟ್ಟರೂ, ಬಚ್ಚಿಟ್ಟುಕೊಂಡಿರುವ ಒಳ್ಳೆಯ ಪುಟಗಳು ಹೊರಬಂದು ದೀರ್ಘಕಾಲದಲ್ಲಿ ಎಲ್ಲರಿಗೂ ಲಾಭವಾಗುತ್ತದೆ ಎಂದು ಅವರು ವಾದಿಸಿದರು. ಬೇರು ಬಿಟ್ಟ ದೊಡ್ಡ ಬುಕಿಂಗ್ ಕಂಪನಿಗಳ ಎದುರು ಒಂಟಿ ಮನೆಯ ತಾಣ ನಿಲ್ಲಬೇಕಾದ ಮಲೆನಾಡಿನಿಂದ ನೋಡಿದರೆ, ಈ ವಾದ ನನಗೆ ಬಹಳ ನ್ಯಾಯವಾಗಿ ಕಾಣುತ್ತದೆ.

ಎಷ್ಟು ದಿನ?

ಗೂಗಲ್‌ನಲ್ಲಿದ್ದ ಮೈಲಿ ಓಯೆ 2017ರಲ್ಲಿ ಕೊಟ್ಟ ಉತ್ತರ ಇವತ್ತಿಗೂ ಚಲಾವಣೆಯಲ್ಲಿದೆ: ತಾಣವನ್ನು ಸುಧಾರಿಸಿ ಅದರ ಫಲ ಕಾಣಲು ಸಾಮಾನ್ಯವಾಗಿ ನಾಲ್ಕು ತಿಂಗಳಿಂದ ಒಂದು ವರ್ಷ. ಅದೇ ವರ್ಷ ಅಹ್ರೆಫ್ಸ್ ಎಂಬ ಕಂಪನಿ 20 ಲಕ್ಷ ಹೊಸ ಪುಟಗಳ ಹಿಂದೆ ಬಿದ್ದು ನೋಡಿತು. ಒಂದು ವರ್ಷದೊಳಗೆ ಯಾವುದಾದರೊಂದು ಪ್ರಶ್ನೆಗೆ ಮೊದಲ ಹತ್ತರೊಳಗೆ ಬಂದವು ಶೇ. 5.7 ಮಾತ್ರ. ಹಾಗೆ ಬಂದವುಗಳಲ್ಲಿ ಹೆಚ್ಚಿನವು ಎರಡರಿಂದ ಆರು ತಿಂಗಳಲ್ಲಿ ಬಂದಿದ್ದವು.

ಈ ಅಂಕಿಯನ್ನು ಕಂಡು ಎದೆಗುಂದುವವರು ಒಂದನ್ನು ಗಮನಿಸಬೇಕು. ಆ 20 ಲಕ್ಷದಲ್ಲಿ ಯಾರೂ ಆರೈಕೆ ಮಾಡದೆ ಬಿಟ್ಟ ಪುಟಗಳೂ ಸೇರಿವೆ. ಹಾಗೆಯೇ, ಮೊದಲ ಪುಟದಲ್ಲಿರುವ ತಾಣಗಳೆಲ್ಲ ಹಳೆಯವು ಎಂಬುದನ್ನು ನೋಡಿ ವಯಸ್ಸಾದರೆ ತಾನೇ ಮೇಲೆ ಬರುತ್ತದೆ ಎಂದು ತಿಳಿಯುವುದೂ ತಪ್ಪು. ಅಷ್ಟೇ ಹಳೆಯದಾಗಿ ಕೆಳಗೇ ಉಳಿದ ಲಕ್ಷಾಂತರ ತಾಣಗಳು ನಮ್ಮ ಕಣ್ಣಿಗೆ ಬೀಳುವುದಿಲ್ಲ.

ಕಾಯುವ ಕಾಲ ಪ್ರಶ್ನೆಯಿಂದ ಪ್ರಶ್ನೆಗೆ ಬದಲಾಗುತ್ತದೆ ಎಂಬುದು ಇದಕ್ಕಿಂತ ಮುಖ್ಯ. ‘ಚಿಕ್ಕಮಗಳೂರು ಕಾಫಿ’ ಎಂಬ ಪ್ರಶ್ನೆಯನ್ನು ತೆಗೆದುಕೊಳ್ಳಿ. 2019ರಲ್ಲಿ ಚಿಕ್ಕಮಗಳೂರು ಅರೇಬಿಕಾ, ಬಾಬಾಬುಡನ್‌ಗಿರಿ ಅರೇಬಿಕಾ ಎರಡಕ್ಕೂ ಭೌಗೋಳಿಕ ಗುರುತು ಸಿಕ್ಕಿತು, ಅಂದರೆ ಆ ಹೆಸರುಗಳನ್ನು ಬೇರೆ ಊರಿನ ಕಾಫಿಗೆ ಅಂಟಿಸುವಂತಿಲ್ಲ. ಆದರೆ ಆ ಹೆಸರಿನಲ್ಲಿ ಪುಡಿ ಮಾರುವವರು, ಸುದ್ದಿ ಬರೆದವರು, ವಿಕಿಪೀಡಿಯ, ಕಾಫಿ ಮಂಡಳಿ, ಎಲ್ಲರೂ ಅಲ್ಲಿ ನೆರೆದಿದ್ದಾರೆ. ಅಲ್ಲಿ ಹೊಸಬರಿಗೆ ವರ್ಷಗಳೇ ಬೇಕಾದಾವು. ‘ಕ್ಯಾತನಮಕ್ಕಿಗೆ ಜೀಪು ಎಲ್ಲಿಂದ ಸಿಗುತ್ತದೆ, ಮಳೆಗಾಲದಲ್ಲಿ ಬಿಡುತ್ತಾರಾ’ ಎಂಬ ಪ್ರಶ್ನೆಗೆ ನೇರ ಉತ್ತರ ಕೊಟ್ಟವರು ಕಡಿಮೆ. ಸರಿಯಾದ, ಸ್ಥಳೀಯರಿಗೆ ಮಾತ್ರ ಗೊತ್ತಿರುವ ಉತ್ತರವನ್ನು ಬರೆದಿಟ್ಟ ಪುಟ ಕೆಲವೇ ವಾರಗಳಲ್ಲಿ ಮೇಲೆ ಬರಬಹುದು. ತನ್ನಲ್ಲಿ ದಿನವೂ ಬರುವ ಪ್ರಶ್ನೆಗಳಲ್ಲಿ ಶೇ. 15ರಷ್ಟು ಹಿಂದೆಂದೂ ಕೇಳಿರದವು ಎಂದು ಗೂಗಲ್ ಹೇಳುತ್ತ ಬಂದಿದೆ. ಹೊಸಬರಿಗೆ ಬಾಗಿಲು ತೆರೆದಿರುವುದು ಹೆಚ್ಚಾಗಿ ಅಲ್ಲಿ.

ನಕ್ಷೆಯದು ಬೇರೆ ಲೆಕ್ಕ. ಗೂಗಲ್ ಮ್ಯಾಪ್ಸ್‌ನಲ್ಲಿ ಮನೆಯನ್ನು ನೋಂದಾಯಿಸಿದರೆ ಅಲ್ಲಿ ಕೇಳಿದ್ದಕ್ಕೆ ಎಷ್ಟು ಹೊಂದುತ್ತದೆ, ಎಷ್ಟು ಹತ್ತಿರ, ಎಷ್ಟು ಹೆಸರುವಾಸಿ ಎಂಬ ಮೂರನ್ನು ತೂಗುತ್ತಾರೆ. ದೂರಕ್ಕೂ ಬೆಲೆ ಇರುವುದರಿಂದ, ಆಗಲೇ ಕಳಸದಲ್ಲಿ ನಿಂತು ಹುಡುಕುವವನಿಗೆ ಹೊಸ ಮನೆ ಬೇಗ ಕಾಣಿಸುತ್ತದೆ. ಜಾಲತಾಣ ಮಾಡುವ ದಿನವೇ ಇದನ್ನೂ ಮಾಡಿಬಿಡುವುದು ಒಳ್ಳೆಯದು. ಡಿಸೆಂಬರ್ ರಜೆಯ ಪ್ರವಾಸಿಗರ ಕಣ್ಣಿಗೆ ಬೀಳಬೇಕು ಎನ್ನುವವರು ನವೆಂಬರ್‌ನಲ್ಲಿ ತಾಣ ತೆರೆದರೆ ತಡವಾಯಿತು, ಮುಂಗಾರು ಹಿಡಿಯುವ ಮೊದಲೇ ತೆರೆಯಬೇಕು.

ಕನ್ನಡದಲ್ಲಿ ಕೇಳಿದರೆ

ಕನ್ನಡದ ಪ್ರಶ್ನೆಗಳಿಗೆ ಉತ್ತರ ಹೇಳುವ ಪುಟಗಳು ಇಂಗ್ಲಿಷಿನದಕ್ಕಿಂತ ಬಹಳ ಕಡಿಮೆ. ಹಾಗಾಗಿ ಕನ್ನಡದಲ್ಲಿ ಬರೆದ ಒಳ್ಳೆಯ ಪುಟಕ್ಕೆ ಕಾಯುವ ಕಾಲವೂ ಕಡಿಮೆ ಇರಬೇಕು. ಯಂತ್ರಕ್ಕೆ ಓದಲು ಬಂದರೆ ಇರುತ್ತದೆ. ಹಿಂದೆ ನಮ್ಮ ಎಷ್ಟೋ ತಾಣಗಳು ಓದಲು ಬಾರದ ರೀತಿಯಲ್ಲಿ ಇದ್ದವು. ಹಳೆಯ ಅಕ್ಷರಶೈಲಿಗಳಲ್ಲಿ ಇಂಗ್ಲಿಷ್ ಅಕ್ಷರಗಳ ಸಂಕೇತಗಳಿಗೇ ಕನ್ನಡದ ಆಕಾರ ತೊಡಿಸಲಾಗಿತ್ತು. ಕಣ್ಣಿಗೆ ಕನ್ನಡ, ಯಂತ್ರಕ್ಕೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲು. ಪ್ರತಿ ಲಿಪಿಯ ಅಕ್ಷರಗಳಿಗೂ ಬೇರೆಬೇರೆ ಸಂಕೇತ ಕೊಡುವ ಯೂನಿಕೋಡ್ ಎಂಬ ಏರ್ಪಾಡು 1991ರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಪ್ರತ್ಯೇಕ ಜಾಗ ಕೊಟ್ಟಿದ್ದರೂ ಅದು ಬಳಕೆಗೆ ಬರಲು ಬಹಳ ವರ್ಷ ಹಿಡಿಯಿತು. ಮೂಡಿಗೆರೆಯಲ್ಲಿ ಕಾಫಿ ತೋಟ ಮಾಡಿಕೊಂಡಿದ್ದ ಪೂರ್ಣಚಂದ್ರ ತೇಜಸ್ವಿ (1938–2007) ಕಂಪ್ಯೂಟರಿನಲ್ಲಿ ಕನ್ನಡಕ್ಕೆ ನೆಲೆ ಸಿಗದಿದ್ದರೆ ಭಾಷೆಗೇ ಕುತ್ತು ಎಂದು ತಮ್ಮ ಕೊನೆಯ ವರ್ಷಗಳಲ್ಲಿ ಬಹಳ ಚಿಂತಿಸಿದರು. ಹಂಪಿಯ ಕನ್ನಡ ವಿಶ್ವವಿದ್ಯಾಲಯದಿಂದ ಬಂದ ಕುವೆಂಪು ಕನ್ನಡ ತಂತ್ರಾಂಶದ ಹಿಂದೆ ಅವರ ಒತ್ತಾಸೆ ಇತ್ತು.

ಯೂನಿಕೋಡ್ ಈಗ ಎಲ್ಲ ಫೋನುಗಳಲ್ಲೂ ಇದೆ. ಉಳಿದಿರುವ ಕೊರತೆ ಬೇರೆ. ಕನ್ನಡದ ಶಿಫಾರಸುಗಳೆಲ್ಲ ಇವತ್ತು ವಾಟ್ಸ್ಯಾಪ್ ಗುಂಪುಗಳಲ್ಲಿ, ಫೇಸ್‌ಬುಕ್ ಗೋಡೆಗಳಲ್ಲಿ ನಡೆಯುತ್ತವೆ. ‘ಈ ಮನೆಗೆ ಹೋಗಿ ಬನ್ನಿ, ಊಟ ಬಹಳ ಚೆನ್ನಾಗಿದೆ’ ಎಂಬ ಸಂದೇಶ ನೂರು ಜನಕ್ಕೆ ತಲುಪಿದರೂ ವಾಟ್ಸ್ಯಾಪ್‌ನೊಳಗೆ ಅಲೆಮಾರಿ ತಂತ್ರಾಂಶಕ್ಕೆ ಪ್ರವೇಶವೇ ಇಲ್ಲ. ತೆರೆದ ಜಾಲತಾಣಗಳಲ್ಲಿ ಬರೆಯುವ ಕನ್ನಡಿಗರೂ ಒಬ್ಬರ ಬರಹಕ್ಕೆ ಇನ್ನೊಬ್ಬರು ಕೊಂಡಿ ಹಾಕುವುದು ಕಡಿಮೆ. ಹೆಸರು ಹೇಳುತ್ತಾರೆ, ವಿಳಾಸ ಕೊಡುವುದಿಲ್ಲ. ಕನ್ನಡ ಓದಬಲ್ಲ ಯಂತ್ರದ ಕೈಗೆ ಕನ್ನಡಿಗರ ಮೆಚ್ಚುಗೆಯ ಸಾಕ್ಷ್ಯ ಸಿಗದೆ, ನಮ್ಮ ಊರಿನ ಬಗ್ಗೆ ನಮ್ಮದೇ ಭಾಷೆಯಲ್ಲಿ ಕೇಳಿದ ಪ್ರಶ್ನೆಗೂ ಎಲ್ಲೋ ಯಂತ್ರಾನುವಾದ ಮಾಡಿದ ಪುಟವೊಂದು ಮೇಲೆ ಬಂದು ಕೂರುತ್ತದೆ. ಹೊರನಾಡಿನ ದಾರಿಯ ಬಗ್ಗೆ, ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರದ ಬಗ್ಗೆ, ಎತ್ತಿನಭುಜ ಹತ್ತುವ ಕಾಲದ ಬಗ್ಗೆ ಬರೆಯುವವರು ಆ ಊರಿನವರೇ ಬರೆದ ಪುಟಕ್ಕೆ ಪ್ರತಿ ಸಲ ಒಂದು ಕೊಂಡಿ ಹಾಕಿದರೆ, ಆ ಪುಟ ಮೇಲೇರಲು ಬೇಕಾದ ತಿಂಗಳುಗಳಲ್ಲಿ ಒಂದಷ್ಟು ಅಲ್ಲೇ ಕಡಿಮೆಯಾಗುತ್ತದೆ.